ಅಳದ ತವರ

2018ರ ನವೆಂಬರ್ 12, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮುರಾದಾಬಾದಿನ ಬೇರಿಘಾಟ್ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರಿಗಿಂತ ಮೊದಲು ಜನ ಬಂದರು. ಹಿತ್ತಾಳೆ ಕೆಲಸದವರ ಠಠೇರಾ ಓಣಿಯ ಅರ್ಧದಷ್ಟು ಗಂಡಸರು ಕೆಲಸದ ಕೈಯನ್ನೂ ಒರೆಸಿಕೊಳ್ಳದೆ ಬಂದು ಅಂಗಳ ತುಂಬಿದ್ದರು. ಉಜ್ಜಿದ ಹಿತ್ತಾಳೆಯ ಪುಡಿ ಅವರ ಹುಬ್ಬಿನ ಮೇಲೂ ಕೂತಿತ್ತು. ಅವರ ನಡುವೆ ಕಿಶ್ವರ್ ಜಹಾಂ ಎಂಬ ಅರವತ್ತು ದಾಟಿದ ಹೆಂಗಸು ನೆಲಕ್ಕೆ ಕೈಯೂರಿ ಕುಸಿದಿದ್ದಳು.

ಇನ್ಸ್‌ಪೆಕ್ಟರ್ ಓಂವೀರ್ ಗಂಗ್ವಾರ್‌ಗೆ ಈ ಠಾಣೆಯಲ್ಲಿ ಅದು ಮೂರನೆಯ ವರ್ಷ. ಗುಂಪು ಕಟ್ಟಿಕೊಂಡು ಬರುವ ದೂರೆಂದರೆ ಅವನಿಗೆ ಮೊದಲೇ ಆಗದು. ಗುಂಪಿಗೆ ಉತ್ತರ ಮನೆಯಲ್ಲೇ ಸಿಕ್ಕಿರುತ್ತದೆ, ಪೊಲೀಸರ ಸಹಿ ಮಾತ್ರ ಬಾಕಿ ಇರುತ್ತದೆ.

"ಏನಾಯ್ತಮ್ಮ, ಹೇಳಿ."

"ನನ್ನ ಮೊಮ್ಮಗ ಹೋದ. ಅರ್ಹಮ್. ನಾಲ್ಕು ವರ್ಷ ಸಾಹೇಬ್ರೆ."

"ಯಾವಾಗ?"

"ಇವತ್ತು ಬೆಳಗಿನ ಜಾವ, ಫಜರ್ ನಮಾಜಿನ ಹೊತ್ತಿಗೆ. ಕೈಕಾಲು ಸೆಟೆದುಕೊಂಡ್ವು, ಕಣ್ಣು ಮೇಲೆ ಹೋಯ್ತು. ಮುಗೀತು."

"ಕಾಯಿಲೆ ಇತ್ತಾ?"

"ಸೊಸೆ ಬಂದಾಗಿಂದ ಇತ್ತು. ಹೊಟ್ಟೆನೋವು ಅಂತಿದ್ದ, ಉಂಡಿದ್ದು ಕಕ್ತಿದ್ದ. ಡಾಕ್ಟ್ರು ಜಂತುಹುಳ ಅಂದ್ರು. ಹುಳ ಅಲ್ಲ ಅದು. ವಿಷ. ಅವಳೇ ಹಾಕಿದ್ದು, ಮಲತಾಯಿ."

ಸೊಸೆಯ ಹೆಸರು ನಿಗಾರ್. ಕಿಶ್ವರ್ ಜಹಾಂಳ ಮಗ ಇಕ್ರಾರ್ ಹಿತ್ತಾಳೆಯ ಮೇಲೆ ಚಿತ್ತಾರ ಕೆತ್ತುವವನು. ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಜುಲೈ ಒಂದರಂದು ನಿಗಾರ್‌ಳನ್ನು ಮದುವೆಯಾಗಿದ್ದ. ಅವಳೀಗ ನಾಲ್ಕು ತಿಂಗಳ ಬಸುರಿ. ತನ್ನ ಮಗುವಿಗೆ ದಾರಿ ಮಾಡಿಕೊಡಲು ಸವತಿಯ ಮಗನನ್ನು ಮುಗಿಸಿದಳು ಎಂದು ಅಂಗಳದಲ್ಲಿದ್ದವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಇಕ್ರಾರ್ ಮಾತ್ರ ಗೋಡೆಗೆ ಒರಗಿ ನಿಂತಿದ್ದ. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅಂಥ ಗಂಡಸನ್ನು ಕಂಡರೆ ಗಂಗ್ವಾರ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಹನ್ನೊಂದು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ದಂಡಸಂಹಿತೆಯ ಕಲಂ 302, ಕೊಲೆ. ಮಗುವಿನ ಶವವನ್ನು ಮಣ್ಣು ಮಾಡದೆ ಮರಣೋತ್ತರ ಪರೀಕ್ಷೆಗೆ ಕಳಿಸಲು ಓಣಿಯ ಹಿರಿಯರನ್ನು ಒಪ್ಪಿಸುವುದರಲ್ಲಿ ಹೆಡ್ ಕಾನ್‌ಸ್ಟೇಬಲ್ ಮುಸ್ತಕೀಮನ ಗಂಟಲು ಒಣಗಿತು. ಅವನೂ ಅದೇ ಕಡೆಯವನು, ಎರಕದವರ ಮನೆಯ ಮಗ, ಅದಕ್ಕೇ ಆ ಕೆಲಸ ಅವನ ತಲೆಗೆ ಕಟ್ಟಿದ್ದು.

ಮಧ್ಯಾಹ್ನ ಒಂದೂವರೆಗೆ ಮನೆಯ ಪಂಚನಾಮೆ ನಡೆಯಿತು. ಎರಡು ಕೋಣೆ, ಒಂದು ಹಜಾರ. ಅಡುಗೆಯ ಮೂಲೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬೋರಲು ಹಾಕಿದ್ದರು. ಮಹಿಳಾ ಕಾನ್‌ಸ್ಟೇಬಲ್ ಸರ್ವೇಶ್ ಕುಮಾರಿ ನಿಗಾರ್‌ಳ ಪೆಟ್ಟಿಗೆ ತೆಗೆದಳು. ಬಟ್ಟೆಯ ಅಡಿಯಲ್ಲಿ ಕೈಯಗಲದ ಒಂದು ಗಂಟು ಸಿಕ್ಕಿತು. ಒಳಗೆ ಕಪ್ಪು ಬೂದು ಬಣ್ಣದ ಒರಟು ಪುಡಿ.

"ಇದೇನು?" ಗಂಗ್ವಾರ್ ಕೇಳಿದ.

ನಿಗಾರ್‌ಗೆ ಇಪ್ಪತ್ತೆರಡು ಇಪ್ಪತ್ತಮೂರಿರಬಹುದು. ಉಗುರಿನ ಸುತ್ತ ಚರ್ಮ ಕಪ್ಪಾಗಿ ಸೀಳಿತ್ತು, ಎಷ್ಟು ತೊಳೆದರೂ ಹೋಗದ ಕಪ್ಪು.

"ನಮ್ಮಮ್ಮ ಕೊಟ್ಟಿದ್ದು. ನಾವು ನದಿ ದಡದೋರು. ಸುಟ್ಟ ಕಂಪ್ಯೂಟರ್ ಬೋರ್ಡಿನ ಬೂದಿ ಕುಟ್ಟಿ ತೊಳೀತೀವಿ. ಬೂದಿ ಹೋಗಿ ತಾಮ್ರದ ಕಾಳು ಉಳಿಯುತ್ತೆ. ಕೊನೇ ಜರಡೀಲಿ ಉಳಿದಿದ್ದು ಹೆಂಗಸರದ್ದು. ಮದುವೆಗೆ ಅಂತ ಕೂಡಿಟ್ಟಿದ್ದು."

"ಬಂಗಾರ ಕೊಡ್ತಾರೆ ಮಗಳಿಗೆ. ಇದನ್ನ ಕೊಟ್ರಾ?"

"ನಮ್ಮ ಕಡೆ ಇದೇ ಕೊಡೋದು."

"ಮಗುವಿಗೆ ಊಟ ಯಾರು ಹಾಕ್ತಿದ್ರು?"

"ಮಾಡ್ತಿದ್ದೋಳು ನಾನು. ತಿನ್ನಿಸ್ತಿದ್ದೋರು ಅಮ್ಮೀ, ನಮ್ಮತ್ತೆ. ನನ್ನ ಕೈ ಮುಟ್ಟಿಸ್ತಿರಲಿಲ್ಲ."

"ಯಾಕೆ?"

"ಬೂದಿ ಕೈ ಅಂತಾರೆ."

ಹಿಂದಿನಿಂದ ಕಿಶ್ವರ್ ಜಹಾಂ ಗೊಣಗಿದಳು. "ಮುಟ್ಟಿಸದೇ ಇದ್ದಿದ್ದಕ್ಕೆ ನಾಲ್ಕು ತಿಂಗಳಾದ್ರೂ ಬದುಕಿದ."

ಸರ್ಕಲ್ ಆಫೀಸರ್ ಅಂದು ಮೂರು ಸಲ ಫೋನ್ ಮಾಡಿದರು. ಓಣಿಯ ಜನ ರಸ್ತೆಗೆ ಇಳಿದರೆ ಜವಾಬ್ದಾರಿ ಯಾರದೆಂದು ಮೂರು ಸಲವೂ ಕೇಳಿದರು. 13ರ ಬೆಳಿಗ್ಗೆ ಎಂಟು ಗಂಟೆಗೆ ಗಂಗ್ವಾರ್ ನಿಗಾರ್‌ಳನ್ನು ಬಂಧಿಸಿದ. ಗಂಟನ್ನೂ ಮಗುವಿನ ಒಳಾಂಗಗಳನ್ನೂ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ. ಅವಳು ಜೀಪು ಹತ್ತುವಾಗ ಅಳಲಿಲ್ಲ. ಅದನ್ನೂ ಓಣಿಯವರು ಅವಳ ಲೆಕ್ಕಕ್ಕೇ ಬರೆದುಕೊಂಡರು.

ವರದಿ ಬಂದದ್ದು ನವೆಂಬರ್ 29ರಂದು. ಒಳಾಂಗಗಳಲ್ಲಿ ಸೀಸದ ವಿಷ. ಗಂಟಿನ ಪುಡಿಯಲ್ಲೂ ಸೀಸ. ಸರ್ಕಲ್ ಆಫೀಸರ್ ಫೋನಿನಲ್ಲಿ ಮೊದಲ ಸಲ ನಕ್ಕರು. "ಮುಗೀತಲ್ಲ ಗಂಗ್ವಾರ್. ಚಾರ್ಜ್‌ಶೀಟ್ ಹಾಕಿಬಿಡಿ."

ಹಾಕಿಬಿಡಬಹುದಿತ್ತು. ಎಲ್ಲ ಅಷ್ಟು ಚೆನ್ನಾಗಿ ಕೂಡಿಬಂದಿತ್ತು. ಹಾಗೆ ಕೂಡಿಬಂದದ್ದೇ ಗಂಗ್ವಾರ್‌ಗೆ ಹಿಡಿಸಲಿಲ್ಲ. 30ರಂದು ಅವನು ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರ್ ಶೋಭನಾ ರಸ್ತೋಗಿಯವರ ಬಳಿಗೆ ಹೋದ.

"ಒಂದೇ ಸಲ ಹಾಕಿದ ವಿಷ ಅಲ್ಲ ಇದು," ಅಂದರು ಅವರು. "ಮಗುವಿನ ಮೊಣಕಾಲಿನ ಎಕ್ಸ್‌ರೇ ತೆಗೆಸಿದ್ದೆ. ಎಲುಬಿನ ಅಂಚಲ್ಲಿ ದಪ್ಪ ಬಿಳಿ ಗೆರೆ ಬಂದಿತ್ತು. ತಿಂಗಳುಗಟ್ಟಲೆ ಚೂರು ಚೂರು ಹೋದ್ರೆ ಹಾಗಾಗುತ್ತೆ."

"ಎಷ್ಟು ತಿಂಗಳು?"

"ನಾಲ್ಕು. ಐದು."

"ಮದುವೆಯಾಗಿ ಐದು ತಿಂಗಳು."

"ಹಾಗಾದ್ರೆ ನಿಮ್ಮ ಕೇಸು ಇನ್ನೂ ಗಟ್ಟಿಯಾಯ್ತು." ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಒಂದು ಕೆಲಸ ಮಾಡಿ. ಆ ಮನೆಯ ಉಳಿದವರ ಬಾಯಿ ತೆರೆಸಿ ನೋಡಿ. ದೊಡ್ಡವರಿಗೆ ಸೀಸ ಏರಿದ್ರೆ ಹಲ್ಲಿನ ಬುಡದಲ್ಲಿ, ವಸಡಿನ ಅಂಚಿಗೆ ನೀಲಿ ಗೆರೆ ಬರುತ್ತೆ. ಪೆನ್ಸಿಲಲ್ಲಿ ಎಳೆದ ಹಾಗೆ."

ಡಿಸೆಂಬರ್ ಒಂದರ ಬೆಳಿಗ್ಗೆ ಒಂಬತ್ತಕ್ಕೆ ಗಂಗ್ವಾರ್, ಮುಸ್ತಕೀಮ್, ಸರ್ವೇಶ್ ಕುಮಾರಿ ಮೂವರೂ ಟಾರ್ಚು ಹಿಡಿದು ಓಣಿಗೆ ಹೋದರು. ಕಿಶ್ವರ್ ಜಹಾಂ ಕೆರಳಿ ಕೆಂಡವಾದಳು.

"ಸತ್ತಿದ್ದು ನನ್ನ ಮೊಮ್ಮಗ, ನೀವು ನನ್ನ ಹಲ್ಲು ಎಣಿಸೋಕೆ ಬಂದ್ರಾ?"

"ಒಂದು ಸಲ ಬಾಯಿ ಮುಕ್ಕಳಿಸಿ ಚಾಚೀ," ಅಂದಳು ಸರ್ವೇಶ್. "ಎಲೆಯಡಿಕೆ ಕೆಂಪಲ್ಲಿ ಏನೂ ಕಾಣ್ತಿಲ್ಲ."

"ನಿಮ್ಮ ಅತ್ತೆಗೆ ಹೇಳು ಮುಕ್ಕಳಿಸೋಕೆ."

"ಅವರಿಗೆ ಹಲ್ಲೇ ಇಲ್ಲ."

ಮುಸ್ತಕೀಮ್ ಮುಖ ತಿರುಗಿಸಿ ಕೆಮ್ಮಿದ. ಮುದುಕಿ ಬೈಯುತ್ತಲೇ ಎರಡು ಚೊಂಬು ನೀರಲ್ಲಿ ಬಾಯಿ ತೊಳೆದಳು. ಕೆಳಗಿನ ಹಲ್ಲುಗಳ ಬುಡದಲ್ಲಿ ನೀಲಿ ಮಿಶ್ರಿತ ಕಪ್ಪು ಗೆರೆ, ಒಂದು ತುದಿಯಿಂದ ಇನ್ನೊಂದಕ್ಕೆ. ಇಕ್ರಾರನ ಬಾಯಲ್ಲೂ ಇತ್ತು. ಹೊಟ್ಟೆ ನೋಯುತ್ತದೆಯೇ ಎಂದು ಕೇಳಿದ್ದಕ್ಕೆ ಅವನು ಅಂದು ಮೊದಲ ಸಲ ಬಾಯಿಬಿಟ್ಟು, ನಾಲ್ಕು ತಿಂಗಳಿಂದ ಎಂದ.

ಸಂಜೆ ನಾಲ್ಕಕ್ಕೆ ಸರ್ವೇಶ್ ನ್ಯಾಯಾಲಯದ ಅನುಮತಿ ಹಿಡಿದು ಜೈಲಿಗೆ ಹೋಗಿ ಬಂದಳು. "ಅವಳಿಗೂ ಇದೆ ಸರ್, ಎಲ್ಲರಿಗಿಂತ ಗಾಢವಾಗಿ. ಮೊದಲೇ ಬೂದಿ ತೊಳೆದೋಳಲ್ವಾ. ಆದ್ರೆ ವಿಷ ಹಾಕೋಳು ತಾನೂ ಅದನ್ನೇ ಉಣ್ತಾಳಾ? ಅದೂ ಹೊಟ್ಟೇಲಿ ಮಗು ಇಟ್ಕೊಂಡು?"

"ಅವಳ ಮೈಯಲ್ಲಿರೋದು ಹಳೇದು ಅಂತ ವಕೀಲರು ಅಂತಾರೆ."

"ಅತ್ತೇ ಮೈಯಲ್ಲಿರೋದು?"

"ಅತ್ತೆಗೂ ಇವಳೇ ಹಾಕಿದ್ಲು ಅಂತಾರೆ."

ಸರ್ವೇಶ್ ಸಲ್ಯೂಟ್ ಹೊಡೆದು ಹೋದಳು. ಮರುದಿನ, ಡಿಸೆಂಬರ್ 2ರ ಭಾನುವಾರ, ಯಾರೂ ಹೇಳದೆ ಸಾದಾ ಸಲ್ವಾರ್ ಹಾಕಿಕೊಂಡು ಬೆಳಿಗ್ಗೆ ಆರೂವರೆಗೇ ಠಠೇರಾ ಓಣಿಯ ಕೈಪಂಪಿನ ಕಟ್ಟೆಯ ಮೇಲೆ ಹೋಗಿ ಕೂತಳು. ಹೆಂಗಸರೊಡನೆ ಹರಟಿದಳು, ಕೆಲವರ ಅಡುಗೆಮನೆಗೂ ನುಗ್ಗಿದಳು. ಹನ್ನೆರಡಕ್ಕೆ ಠಾಣೆಗೆ ಬಂದವಳೇ ಗಂಗ್ವಾರನ ಮೇಜಿನ ಮುಂದೆ ನಿಂತು ಒದರಿದಳು.

"ಪಕ್ಕದ ಮನೆ ಹುಡುಗಿಗೆ ಆರು ವರ್ಷ. ಅದೇ ಹೊಟ್ಟೆನೋವು, ಅದೇ ವಾಂತಿ. ಆ ಮನೆಗೂ ಕಿಶ್ವರ್ ಮನೆಗೂ ಮೋರಿ ಜಗಳ, ಏಳು ವರ್ಷದಿಂದ ಮಾತಿಲ್ಲ. ಒಂದು ಚಮಚ ಉಪ್ಪು ಕೂಡ ಆಚೀಚೆ ಹೋಗಿಲ್ಲ ಸರ್. ಇನ್ನೂ ನಾಲ್ಕು ಮನೇಲಿ ಹಾಗೇ ಇದೆ."

"ನೀರು?"

"ಬೇರೆ ಬೇರೆ ಪಂಪು. ಹಿಟ್ಟಿನ ಗಿರಣಿ ಬೇರೆ, ಹಾಲಿನವನು ಬೇರೆ. ಕೊನೇಲಿ ಎರಡು ಬಾಡಿಗೆ ಮನೆ ಇವೆ, ಹೊಸಬರು, ಆ ಮಕ್ಕಳು ಗುಂಡುಕಲ್ಲಿನ ಹಾಗಿದಾರೆ. ಎರಡೂ ಮನೇಲಿ ಸ್ಟೀಲು, ಅಲ್ಯುಮಿನಿಯಂ. ಮಿಕ್ಕೋರೆಲ್ಲ ತಾಮ್ರ ಹಿತ್ತಾಳೆ. ಹಳೇ ಮನೆತನದೋರು, ಸ್ಟೀಲು ಅಂದ್ರೆ ಮೂಗು ಮುರೀತಾರೆ."

"ಶತಮಾನದಿಂದ ತಾಮ್ರ ಹಿತ್ತಾಳೇಲೇ ಉಂಡಿದ್ದಾರೆ. ಈಗೇನಾಯ್ತು?"

ಉತ್ತರ ಬಂದದ್ದು ಮುಸ್ತಕೀಮನಿಂದ. ಅವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ಮೆಲ್ಲಗೆ ಅಂದ. "ಕಲಾಯಿ ಸರ್. ಪಾತ್ರೆ ಒಳಮೈಗೆ ಬಳಿಯೋ ತವರ."

ಎರಡೂಕಾಲು ಗಂಟೆಗೆ ಅವರು ಮತ್ತೆ ಕಿಶ್ವರ್ ಜಹಾಂಳ ಅಡುಗೆಯ ಮೂಲೆಯಲ್ಲಿದ್ದರು. ಮುಸ್ತಕೀಮ್ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಪಾತ್ರೆಯ ಒಳಮೈಗೆ ಒತ್ತಿ ಉಜ್ಜಿದ. ಬಟ್ಟೆಯ ಮೇಲೆ ಪೆನ್ಸಿಲಿನ ಸೀಸ ಒರೆಸಿದಂಥ ಕಲೆ ಮೂಡಿತು.

"ತವರ ಹೀಗೆ ಕಪ್ಪು ಬಿಡಲ್ಲ, ಸೀಸ ಬೆರೆತಿರಬೇಕು," ಎಂದ. "ಚಾಚೀ, ಕಲಾಯಿ ಯಾವಾಗ ಹಾಕಿಸಿದ್ರಿ?"

"ಮದುವೆ ಮುಂಚೆ, ಜೂನಲ್ಲಿ. ಮನೆಗೆ ಸೊಸೆ ಬರೋವಾಗ ಪಾತ್ರೆ ಮಾಸಿರಬಾರದು ಅಂತ ಎಲ್ಲಾ ಹಾಕಿಸಿದೆ. ನಾನು ಹಾಕಿಸಿದ್ದು ನೋಡಿ ಓಣಿಯೋರೂ ಹಾಕಿಸಿದ್ರು. ಛುಟ್ಟನ್ ಹಾಕಿದ್ದು. ಅವರಪ್ಪನೂ ನಮಗೇ ಹಾಕ್ತಿದ್ದ."

"ಮಗುವಿಗೆ ಯಾವುದರಲ್ಲಿ ಊಟ ಹಾಕ್ತಿದ್ರಿ?" ಗಂಗ್ವಾರ್ ಕೇಳಿದ.

ಅವಳು ಎದ್ದು ಮೇಲಿನ ಗೂಡಿನಿಂದ ಒಂದು ಚಿಕ್ಕ ತಾಮ್ರದ ಬಟ್ಟಲು ತೆಗೆದಳು. ಬೇರೆ ಪಾತ್ರೆಗಳ ಜೊತೆ ಅದನ್ನು ಇಟ್ಟಿರಲಿಲ್ಲ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

"ಊಟ ಸೇರ್ತಿರಲಿಲ್ಲ ಅವನಿಗೆ. ಮೊಸರು ಅಂದ್ರೆ ಪ್ರಾಣ. ದಿನಾ ಇದರಲ್ಲೇ ಹೆಪ್ಪು ಹಾಕಿಡ್ತಿದ್ದೆ, ಬೆಳಿಗ್ಗೆಗೆ ಗಟ್ಟಿಯಾಗಿರೋದು. ಹೊಟ್ಟೆನೋವು ಶುರುವಾದ ಮೇಲೆ ತಂಪಾಗುತ್ತೆ ಅಂತ ಎರಡು ಹೊತ್ತು ಕೊಟ್ಟೆ."

ಬಟ್ಟಲಿನ ತಳದಲ್ಲಿ ಹುಳಿ ತಿಂದ ಕಡೆ ಕಲಾಯಿ ಎದ್ದುಹೋಗಿ ಕೆಂಪು ತಾಮ್ರ ಕಾಣುತ್ತಿತ್ತು. ಕಲಾಯಿ ಎಲ್ಲಿಗೆ ಹೋಯಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮುದುಕಿ ಬಟ್ಟಲನ್ನೇ ನೋಡುತ್ತ ನಿಂತಳು. ಆಮೇಲೆ ಸರ್ವೇಶಳ ತೋಳು ಹಿಡಿದುಕೊಂಡು, "ನಾನೇ ತಿನ್ನಿಸ್ತಿದ್ದೆ," ಎಂದಳು. "ಅವಳ ಕೈ ಮುಟ್ಟಿಸಲಿಲ್ಲ. ನಾನೇ ತಿನ್ನಿಸಿದ್ದು."

ಗಂಗ್ವಾರ್‌ಗೆ ಅವಳ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಆ ಜಾಗದಲ್ಲಿ ತನ್ನ ಮೇಲಿನ ಅಸಹ್ಯ ಬಂದು ಕೂತಿತು. ಹತ್ತೊಂಬತ್ತು ದಿನದಿಂದ ಒಬ್ಬ ಬಸುರಿಯನ್ನು ಅವನು ಜೈಲಿನಲ್ಲಿಟ್ಟಿದ್ದ. ಪಾತ್ರೆಗಳನ್ನೆಲ್ಲ ವಶಪಡಿಸಿಕೊಂಡು ಎರಡನೆಯ ಪಂಚನಾಮೆ ಬರೆಸಿದ. ಮಿಕ್ಕ ಮನೆಗಳಲ್ಲಿ ಆ ಪಾತ್ರೆಗಳಲ್ಲಿ ಅಡುಗೆ ಮಾಡಬಾರದೆಂದು ಮುಸ್ತಕೀಮ್ ಮನೆಮನೆಗೂ ಹೋಗಿ ಹೇಳಿ ಬಂದ. ಕೆಲವರು ಕೇಳಿದರು, ಕೆಲವರು ಬಾಗಿಲು ಹಾಕಿಕೊಂಡರು.

ಡಿಸೆಂಬರ್ 3, ಸೋಮವಾರ, ಬೆಳಿಗ್ಗೆ ಹನ್ನೊಂದು. ಛುಟ್ಟನ್ ಕೂರುವುದು ಮಸೀದಿಯ ಹಿಂದಿನ ಬಯಲಲ್ಲಿ, ಬೇವಿನ ಮರದ ಕೆಳಗೆ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ನೆಲದಲ್ಲಿ ತೋಡಿದ ಒಲೆಗೆ ತಿದಿ ಒತ್ತುತ್ತ ಮದುವೆ ಮನೆಯ ದೊಡ್ಡ ಹಂಡೆಯೊಂದನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದ. ನವಸಾಗರದ ಉಪ್ಪಿನ ಬಿಳಿ ಹೊಗೆ ಎದ್ದಿತು. ಹಂಡೆಯ ಒಳಗೆ ಬೂದುಬಣ್ಣದ ಸರಳೊಂದನ್ನು ತಾಕಿಸಿ, ಕರಗಿದ್ದನ್ನು ಹತ್ತಿಯಿಂದ ಒಂದೇ ಸುತ್ತಿನಲ್ಲಿ ಎಳೆದ. ಹಂಡೆಯ ಹೊಟ್ಟೆ ಕನ್ನಡಿಯಾಯಿತು. ಕೈಯಲ್ಲಿ ಕಸುಬು ಇತ್ತು, ಅದನ್ನು ಇಲ್ಲವೆನ್ನಲಾಗದು. ಪೊಲೀಸರನ್ನು ನೋಡಿಯೂ ಅವನು ಕೈ ನಿಲ್ಲಿಸಲಿಲ್ಲ.

"ಸಲಾಂ ಛುಟ್ಟನ್ ಭಾಯಿ," ಅಂದ ಮುಸ್ತಕೀಮ್. "ತವರ ಎಲ್ಲಿಂದ ತರ್ತೀರಿ?"

"ಬಜಾರಿಂದ."

"ಯಾವ ಅಂಗಡಿ?"

"ಒಂದೇ ಅಂಗಡಿ ಅಂತಿಲ್ಲ."

ಮುಸ್ತಕೀಮ್ ಬಗ್ಗಿ ಹೊಸ ಸರಳೊಂದನ್ನು ಎತ್ತಿಕೊಂಡು ಕಿವಿಯ ಬಳಿ ಹಿಡಿದು ಬಗ್ಗಿಸಿದ. ಅದು ಸದ್ದಿಲ್ಲದೆ ಬಾಗಿತು. ಆಮೇಲೆ ಜೇಬಿನಿಂದ ಬೆರಳುದ್ದದ ಇನ್ನೊಂದು ತುಂಡು ತೆಗೆದು ಗಂಗ್ವಾರನ ಕಿವಿಯ ಬಳಿ ಹಿಡಿದ.

"ಇದು ನಮ್ಮಪ್ಪನ ಪೆಟ್ಟಿಗೆಯದು ಸರ್. ಕೇಳಿ."

ಬಗ್ಗಿಸಿದಾಗ ಅದರೊಳಗಿನಿಂದ ಕಿರ್ ಕಿರ್ ಎಂದು ಸಣ್ಣ ಸದ್ದು ಬಂತು, ಒಣ ಕಡ್ಡಿ ಒಳಗೊಳಗೇ ಮುರಿದ ಹಾಗೆ.

"ಚೊಕ್ಕ ತವರ ಬಗ್ಗಿಸಿದ್ರೆ ಅಳುತ್ತೆ. ನಮ್ಮಲ್ಲಿ ಎರಕದ ಮನೆ ಮಕ್ಕಳಿಗೆ ಮೊದಲು ಕಲಿಸೋದೇ ಇದು. ಸೀಸ ಬೆರೆತಿದ್ರೆ ಅಳಲ್ಲ." ಅವನು ಛುಟ್ಟನ್ ಕಡೆ ತಿರುಗಿದ. "ನಿಮಗೂ ನಿಮ್ಮಪ್ಪ ಕಲಿಸಿರ್ತಾರೆ ಭಾಯಿ."

ಛುಟ್ಟನ್ ತಿದಿಯಿಂದ ಕೈ ತೆಗೆದ. "ಕಲಿಸಿದ್ರು," ಎಂದ.

ಅವನ ಮನೆ ನದಿಯ ಆಚೆ ದಡದಲ್ಲಿ, ತಗಡಿನ ಗುಡಿಸಲುಗಳ ಸಾಲಿನಲ್ಲಿತ್ತು. ಸುತ್ತಲೂ ಒಡೆದ ಕಂಪ್ಯೂಟರುಗಳ ರಾಶಿ, ಟೀವಿಯ ಗಾಜು, ತಂತಿ ಸುಟ್ಟ ಕರಿ ನೆಲ. ಸ್ವಲ್ಪ ದೂರದಲ್ಲಿ ಹೆಂಗಸರು ಮೊಣಕಾಲವರೆಗೆ ನೀರಲ್ಲಿ ನಿಂತು ಬೂದಿ ಜಾಲಿಸುತ್ತಿದ್ದರು. ಬಾಗಿಲಲ್ಲಿ ಹನ್ನೆರಡು ವರ್ಷದ ಹುಡುಗಿ ನಿಂತಿದ್ದಳು, ಛುಟ್ಟನ್‌ನ ಮಗಳು ಶಗುಫ್ತಾ, ತಾಯಿಯಿಲ್ಲದವಳು. ಸರ್ವೇಶ್ ನೀರು ಕೇಳಿದಾಗ ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ತಂದಳು. ಮಣಿಕಟ್ಟುಗಳು ಸೋತು ಜೋತುಬಿದ್ದಿದ್ದವು. ಹೆಸರು ಕೇಳಿದರೆ ಹೇಳಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು.

ಲೋಟ ಸ್ಟೀಲಿನದಾಗಿತ್ತು. ಗೂಡಿನ ತಟ್ಟೆ, ಪಾತ್ರೆ, ಸೌಟು, ನೀರಿನ ಕೊಡ, ಎಲ್ಲವೂ ಸ್ಟೀಲು. ಊರಿಗೆಲ್ಲ ಕಲಾಯಿ ಹಾಕುವವನ ಮನೆಯಲ್ಲಿ ಕಲಾಯಿ ಹಾಕಿದ್ದು ಒಂದು ಚಮಚವೂ ಇರಲಿಲ್ಲ. ಗಂಗ್ವಾರ್ ಅದನ್ನು ಇಬ್ಬರು ಪಂಚರ ಮುಂದೆ ಒಂದೊಂದಾಗಿ ಬರೆಸಿದ. ಮಂಚದ ಕೆಳಗೆ ಗೋಣಿಚೀಲದಲ್ಲಿ ಬೂದು ಲೋಹದ ಗಟ್ಟಿಗಳಿದ್ದವು. ಹಸಿರು ಬೋರ್ಡುಗಳನ್ನು ಕಾವಲಿಯ ಮೇಲೆ ಕಾಯಿಸಿ ಬಡಿದಾಗ ತೊಟ್ಟಿಕ್ಕುವ ಬೆಸುಗೆ ಅದು. ತವರ ಮತ್ತು ಸೀಸದ ಬೆರಕೆ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಎರಡು ಕಾಗದ ಸಿಕ್ಕವು. ಒಂದು, ಶಗುಫ್ತಾಳ ರಕ್ತಪರೀಕ್ಷೆಯ ಚೀಟಿ. ಇನ್ನೊಂದು, ಬರೆದುಕೊಡುವವನಿಂದ ಬರೆಸಿದ ಅರ್ಜಿಯ ನಕಲು. ಗಂಗ್ವಾರ್ ಎರಡನ್ನೂ ಓದದೆ ವಶಕ್ಕೆ ತೆಗೆದುಕೊಂಡು ಪಟ್ಟಿಗೆ ಸೇರಿಸಿದ. ಪಕ್ಕದ ಗುಡಿಸಲಿನ ಸೋದರತ್ತೆಯ ಕೈಗೆ ಹುಡುಗಿಯನ್ನು ಒಪ್ಪಿಸಿ ಸರ್ವೇಶ್ ಜೀಪು ಹತ್ತಿದಳು.

ಎರಡೂವರೆಗೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಛುಟ್ಟನ್ ಏನನ್ನೂ ಮುಚ್ಚಿಡಲಿಲ್ಲ.

"ಬೋರ್ಡಿನ ಕೆಲಸ ಎಷ್ಟು ವರ್ಷ ಮಾಡಿದೆ?"

"ಎಂಟು. ಕಲಾಯಿ ಯಾರೂ ಹಾಕಿಸ್ತಿರಲಿಲ್ಲ, ಅದಕ್ಕೆ ಹೋದೆ. ಮನೇಲೇ ಕಾಯಿಸ್ತಿದ್ವಿ. ಮಗಳು ಪಕ್ಕದಲ್ಲೇ ಆಡ್ಕೊಂಡಿರ್ತಿದ್ಲು."

"ಬಿಟ್ಟಿದ್ದು ಯಾಕೆ?"

"ಅವಳಿಗೆ ಫಿಟ್ಸ್ ಬರೋಕೆ ಶುರುವಾಯ್ತು. ಒಂದು ಕ್ಯಾಂಪ್ ಬಂದಿತ್ತು, ರಕ್ತ ತಗೊಂಡ್ರು. ಡಾಕ್ಟ್ರಮ್ಮ ಹೇಳಿದ್ರು, ಇದು ಬೆಸುಗೆಯ ಸೀಸ, ಮೆದುಳಿಗೆ ಏರಿದೆ, ಇನ್ನು ಇಳಿಯಲ್ಲ ಅಂತ. ಮಾರನೇ ದಿನಾನೇ ಬಿಟ್ಟೆ. ಪಾತ್ರೆ ಎಲ್ಲ ಮಾರಿ ಸ್ಟೀಲು ತಂದೆ. ಅಪ್ಪನ ತಿದಿ ತೆಗೆದೆ."

"ಬೆಸುಗೆ ಯಾಕೆ ಬಿಸಾಕಲಿಲ್ಲ?"

"ಬಜಾರಿನ ತವರ ಕೊಳ್ಳೋ ಶಕ್ತಿ ನನಗಿಲ್ಲ. ಅಪ್ಪನ ಕಾಲದ ಕೂಲೀನೇ ಕೊಡ್ತಾರೆ ಓಣಿಯೋರು. ಆ ಕೆಲಸವೂ ಹೋದ್ರೆ ಮತ್ತೆ ಬೋರ್ಡಿಗೇ ಹೋಗ್ಬೇಕು, ಮಗಳನ್ನ ಕರ್ಕೊಂಡು."

"ವಿಷ ಅಂತ ಗೊತ್ತಿತ್ತು."

ಛುಟ್ಟನ್ ಅಂಗೈಯ ಮಸಿ ಒರೆಸಿಕೊಂಡ. ಮಾತು ಹುಡುಕುತ್ತಿದ್ದನೇ ಹೊರತು ಸುಳ್ಳು ಹುಡುಕುತ್ತಿರಲಿಲ್ಲ.

"ಗೊತ್ತಿತ್ತು ಅನ್ನಲಾ, ಇಲ್ಲ ಅನ್ನಲಾ ಸಾಹೇಬ್ರೆ. ಡಾಕ್ಟ್ರಮ್ಮ ವಿಷ ಅಂದ್ರು. ನಾನು ಅರ್ಜಿ ಬರೆಸ್ಕೊಂಡು ಇಲ್ಲಿಗೇ ಬಂದಿದ್ದೆ, ಬೋರ್ಡು ಕೊಡೋ ಠೇಕೇದಾರನ ಮೇಲೆ. ಮನೆಮನೆಗೆ ಈ ವಿಷ ಹಂಚ್ತಾನೆ, ನನ್ನ ಮಗಳ ಹಾಗೆ ಅಲ್ಲಿ ಇನ್ನೂ ಮಕ್ಕಳಿದ್ದಾರೆ ಅಂತ. ನೀವೇ ಇದ್ರಿ. ಈ ಕುರ್ಚೀಲೇ ಕೂತಿದ್ರಿ."

ಮೂಲೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಮುಸ್ತಕೀಮನ ಪೆನ್ನು ನಿಂತಿತು.

"ನಾನೇನಂದೆ?" ಗಂಗ್ವಾರ್ ಕೇಳಿದ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

"ಬೈಲಿಲ್ಲ ನೀವು. ಸಮಾಧಾನವಾಗೇ ಹೇಳಿದ್ರಿ. ರಕ್ತದ ಚೀಟಿ ಡಾಕ್ಟ್ರಿಗೆ ತೋರಿಸೋದು, ಪೊಲೀಸ್ರಿಗಲ್ಲ, ಯಾರೂ ವಿಷ ಕುಡಿಸಿಲ್ಲವಲ್ಲ ಅಂದ್ರಿ. ಮನೆಗೆ ಹೋಗ್ತಾ ಅದೇ ಯೋಚನೆ ಮಾಡಿದೆ. ನಿಜವಾದ ವಿಷ ಆಗಿದ್ರೆ ಸರ್ಕಾರ ಬರ್ಕೊಳ್ತಿತ್ತು. ಡಾಕ್ಟ್ರುಗಳು ಬಡವರನ್ನ ಹೆದರಿಸ್ತಾರೆ. ಅಷ್ಟೊಂದು ಕೆಟ್ಟದ್ದು ಇರಲಿಕ್ಕಿಲ್ಲ ಅಂದ್ಕೊಂಡೆ."

"ಹಾಗಿದ್ರೆ ನಿನ್ನ ಮನೇಲಿ ಯಾಕೆ ಸ್ಟೀಲು?"

"ಅವಳು ನನ್ನ ಮಗಳು ಸಾಹೇಬ್ರೆ. ಅವಳ ವಿಷಯದಲ್ಲಿ ಅಂದ್ಕೊಂಡು ಕೂರೋಕಾಗಲ್ಲ."

ಛುಟ್ಟನ್ ತಲೆ ತಗ್ಗಿಸಿ, "ಆ ಮಗುವಿನ ಹೆಸರೇನು?" ಎಂದು ಕೇಳಿದ. ಮುಸ್ತಕೀಮ್ ಹೇಳಿದ. ಛುಟ್ಟನ್ ಆ ಹೆಸರನ್ನು ಒಮ್ಮೆ ತುಟಿಯಲ್ಲೇ ಅಂದುಕೊಂಡ, ಆಮೇಲೆ ಅವನ ಭುಜಗಳು ಅಲುಗತೊಡಗಿದವು.

ಸಂಜೆ ನಾಲ್ಕು ನಲವತ್ತಕ್ಕೆ ಬಂಧನದ ಪತ್ರಕ್ಕೆ ಹೆಬ್ಬೆಟ್ಟು ಬಿತ್ತು.

ಗಂಗ್ವಾರ್ ಮೊದಲು ನಿಗಾರ್‌ಳ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ವರದಿ ಬರೆದ. ಅವಳ ವಿರುದ್ಧ ಸಾಕ್ಷ್ಯವಿಲ್ಲ, ಬಂಧನ ತಪ್ಪಾಗಿತ್ತು ಎಂದು ನೇರವಾಗಿ ಬರೆದ. ಅದನ್ನು ಒಯ್ಯಲು ಬಂದ ಸರ್ವೇಶ್, "ಹೊಟ್ಟೇಲಿರೋ ಮಗುವಿಗೆ ಏನೂ ಆಗಲ್ವಲ್ಲ ಅಂತ ಮೊನ್ನೆ ಕೇಳಿದ್ಲು ಸರ್," ಎಂದಳು. "ಡಾಕ್ಟ್ರನ್ನ ಕೇಳಿದೆ. ತಾಯಿ ಎಲುಬಲ್ಲಿ ಇದ್ದಿದ್ದು ಮಗುವಿಗೂ ಹೋಗುತ್ತಂತೆ. ಎಷ್ಟು ಅಂತ ಹುಟ್ಟಿದ ಮೇಲೇ ಗೊತ್ತಾಗೋದು."

"ಅವಳಿಗೆ ಏನಂದೆ?"

"ಏನೂ ಅನ್ನಲಿಲ್ಲ."

ಆಮೇಲೆ ಅವನು ಹಿಂದಿನ ವರ್ಷದ ಠಾಣೆಯ ದಿನಚರಿ ತರಿಸಿದ. 2017ರ ಅಕ್ಟೋಬರ್ 9ರ ಪುಟದಲ್ಲಿ ಎರಡೇ ಸಾಲು. ಛುಟ್ಟನ್ ಎಂಬಾತ ಮಗಳ ಕಾಯಿಲೆ ಕುರಿತು ಅರ್ಜಿಯೊಡನೆ ಬಂದಿದ್ದ, ತಿಳಿವಳಿಕೆ ಹೇಳಿ ಕಳಿಸಲಾಗಿದೆ. ಅದರ ಕೆಳಗೆ ಅವನದೇ ಸಹಿ.

ಮುಸ್ತಕೀಮ್ ಬಾಗಿಲು ಮುಂದಕ್ಕೆ ಎಳೆದು ಹತ್ತಿರ ಬಂದ. "ಸರ್, ಒಂದು ಮಾತು. ಆ ಅರ್ಜಿ ಫೈಲಿಗೆ ಹಾಕಲೇಬೇಕಾ? ರಕ್ತದ ಚೀಟಿ ಇದೆಯಲ್ಲ."

"ಚೀಟಿ ಇಂಗ್ಲಿಷಲ್ಲಿದೆ. ಅವನು ಹೆಬ್ಬೆಟ್ಟು. ಅರ್ಥ ಆಗಿರಲಿಲ್ಲ ಅಂತ ವಕೀಲ ಅಂದ್ರೆ?"

"ಅಂದ್ರೆ ಬರೀ ಅಜಾಗರೂಕತೆ ಆಗುತ್ತೆ. ನಾಳೆನೇ ಜಾಮೀನು. ಆದ್ರೆ ಅರ್ಜಿ ಹಾಕಿದ್ರೆ ನಿಮಗೆ..."

"ಗೊತ್ತಿದ್ದೂ ಮಾಡಿದ ಅನ್ನೋಕೆ ಇರೋ ಪುರಾವೆ ಅದೊಂದೇ ಮುಸ್ತಕೀಮ್."

ಮುಸ್ತಕೀಮ್ ಅರ್ಜಿಯ ನಕಲನ್ನು ತಂದು ಮೇಜಿನ ಮೇಲಿಟ್ಟ. ಗಂಗ್ವಾರ್ ಅದನ್ನು ಬಿಡಿಸಿ ಮೊದಲ ಸಲ ಓದಿದ. ಒಂದೇ ಪುಟ, ಬಾಡಿಗೆಗೆ ಬರೆದವನ ದುಂಡು ಅಕ್ಷರ. ಕೊನೆಯ ಸಾಲಿನಲ್ಲಿ, ನನ್ನ ಮಗಳದ್ದು ಹೋಯಿತು, ಬೇರೆ ಮಕ್ಕಳಾದರೂ ಉಳಿಯಲಿ, ಎಂದಿತ್ತು.

ಅವನು ಪ್ರಕರಣದ ದಿನಚರಿಯನ್ನು ಹತ್ತಿರ ಎಳೆದುಕೊಂಡು ಬರೆದ. 'ವಸ್ತು ವಿಷಕಾರಿ ಎಂದು ಆರೋಪಿಗೆ ಕೃತ್ಯಕ್ಕೆ ಎಂಟು ತಿಂಗಳ ಮುಂಚೆಯೇ ತಿಳಿದಿತ್ತು. ಆತ ಈ ಬಗ್ಗೆ ದಿನಾಂಕ 9-10-2017ರಂದು ಇದೇ ಠಾಣೆಗೆ ಲಿಖಿತ ಅರ್ಜಿ ತಂದಿದ್ದನು. ಅಂದು ಠಾಣಾಧಿಕಾರಿಯಾಗಿದ್ದ ನಾನು ಅರ್ಜಿಯನ್ನು ಓದದೆ ಹಿಂದಿರುಗಿಸಿದೆ. ಈ ಅಂಶಕ್ಕೆ ನಾನು ಸಾಕ್ಷಿ.'

ಸಾಕ್ಷಿಗಳ ಪಟ್ಟಿಯಲ್ಲಿ ಆಗಲೇ ಹದಿಮೂರು ಹೆಸರುಗಳಿದ್ದವು. ಹದಿನಾಲ್ಕನೆಯದಾಗಿ ತನ್ನ ಹೆಸರು, ತಂದೆಯ ಹೆಸರು, ಹುದ್ದೆ ಬರೆದು, ಸಾಕ್ಷಿಯಾದವನು ತನಿಖೆ ನಡೆಸುವಂತಿಲ್ಲದ್ದರಿಂದ ಈ ಪ್ರಕರಣದ ತನಿಖೆಯನ್ನು ಬೇರೆ ಅಧಿಕಾರಿಗೆ ಒಪ್ಪಿಸಬೇಕೆಂದು ಕೋರಿ ಸಹಿ ಹಾಕಿದ.